ಹಳೇ ಓಮ್ನಿಯ ಲೋವರ್ ಆರ್ಮ್ ಬುಷ್ ಬದಲಿಸುವುದು ಹೇಗೆ?

ಮಾರುತಿ ಓಮ್ನಿ 1984ರಲ್ಲಿ ಬಂತು, 2019ರಲ್ಲಿ ತಯಾರಿಕೆ ನಿಂತಿತು. ಆದರೂ ನಮ್ಮ ಊರುಗಳಲ್ಲಿ ತರಕಾರಿ ಹೊತ್ತು ಓಡುವ ಓಮ್ನಿಗಳು ಇನ್ನೂ ಇವೆ. ಅಂಥ ಗಾಡಿ ಹಂಪ್ ಇಳಿಯುವಾಗ ಮುಂದುಗಡೆ ಟಕ್ ಟಕ್ ಅಂದರೆ, ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆದರೆ, ಟೈರ್ ಒಂದೇ ಅಂಚಲ್ಲಿ ಸವೆಯುತ್ತಿದ್ದರೆ ಶಾಕ್ ಅಬ್ಸಾರ್ಬರ್‌ಗೆ ದುಡ್ಡು ಸುರಿಯುವ ಮೊದಲು ಲೋವರ್ ಆರ್ಮ್ ಬುಷ್ ನೋಡಿ. ಲೋವರ್ ಆರ್ಮ್ ಅಂದರೆ ಮುಂದಿನ ಚಕ್ರವನ್ನು ಕೆಳಗಡೆ ಗಾಡಿಯ ಚೌಕಟ್ಟಿಗೆ ಜೋಡಿಸುವ ಕಬ್ಬಿಣದ ತೋಳು. ಅದು ಚೌಕಟ್ಟಿಗೆ ಸೇರುವ ಜಾಗದಲ್ಲಿ, ಬೋಲ್ಟ್ ತೂರುವ ಕೊಳವೆಯ ಸುತ್ತ ಇರುವ ರಬ್ಬರೇ ಬುಷ್.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದುಗಡೆ ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಡಲೇಬೇಕು. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ.

ಚಕ್ರ ಬಿಚ್ಚಿ, ಬುಷ್ ಹತ್ತಿರ ಸಣ್ಣ ಸಬ್ಬಲ್ ಕೊಟ್ಟು ಮೆಲ್ಲಗೆ ಮೀಟಿ. ಸ್ವಲ್ಪ ಅಲ್ಲಾಡಿ ವಾಪಸ್ ಬಂದರೆ ಸರಿ, ರಬ್ಬರ್ ಅಂದಮೇಲೆ ಅಷ್ಟು ಇರುತ್ತದೆ. ಮೇಲ್ಮೈಯಲ್ಲಿ ಸಣ್ಣ ಬಿರುಕಿದ್ದರೆ ಗಾಬರಿ ಬೇಡ. ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಹರಿದಿದ್ದರೆ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದ್ದರೆ ಬದಲಿಸಿ, ಅದೂ ಎರಡೂ ಕಡೆ. ಆಯಿಲ್ ಸೋರಿ ರಬ್ಬರ್ ಮೆತ್ತಗಾಗಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಇಲ್ಲದಿದ್ದರೆ ಹೊಸದೂ ಬೇಗ ಹಾಳಾಗುತ್ತದೆ.

ಆರ್ಮ್ ಬಿಚ್ಚಿದ ಮೇಲೆ ಹಳೇ ಬುಷ್ ಎಷ್ಟು ಹೊರಗೆ ಚಾಚಿದೆ ಎಂದು ಗುರುತು ಮಾಡಿಕೊಳ್ಳಿ. ಅದನ್ನು ತೆಗೆಯೋಕೆ ಸುತ್ತಿಗೆಯಲ್ಲಿ ಹೊಡೆದರೆ ಆರ್ಮ್ ಸೊಟ್ಟಗಾಗಬಹುದು. ಪ್ರೆಸ್ (ಒತ್ತಿ ತೆಗೆಯುವ, ಕೂರಿಸುವ ಯಂತ್ರ) ಇರುವ ವರ್ಕ್‌ಶಾಪ್‌ಗೆ ಒಯ್ಯುವುದೇ ವಾಸಿ. ಹೊಸದನ್ನು ಕೂರಿಸುವಾಗ ಸೋಪು ನೀರು ಸವರಿದರೆ ಸಾಕು. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಆರ್ಮ್ ಚಕ್ರದ ಕಡೆ ಸೇರುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಲೂಸ್ ಇದೆಯಾ ಅಂತಲೂ ಈಗಲೇ ನೋಡಿಬಿಡಿ.

ಮುಖ್ಯವಾದ ಮಾತು ಈಗ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬುಷ್ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಆಗ ಆರ್ಮ್ ಕೆಳಕ್ಕೆ ಜೋತಿರುತ್ತದೆ, ಒಳಗಿನ ಕೊಳವೆ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಂತಲ್ಲೂ ಓಡುವಾಗಲೂ ಹಾಗೇ ಎಳೆದುಕೊಂಡೇ ಇರುತ್ತದೆ. ಒಳ್ಳೇ ಬುಷ್ ಹಾಕಿದರೂ ಬೇಗ ಹರಿಯೋದು ಎಷ್ಟೋ ಸಲ ಇದರಿಂದಲೇ. ಬೋಲ್ಟನ್ನು ಕೈಬಿಗಿ ಮಾಡಿ, ಚಕ್ರ ಹಾಕಿ, ಗಾಡಿಯನ್ನು ಪಿಟ್ (ಕೆಳಗಿಳಿದು ಕೆಲಸ ಮಾಡುವ ಹೊಂಡ) ಮೇಲೆ ನಾಲ್ಕೂ ಚಕ್ರಗಳಲ್ಲಿ ನಿಲ್ಲಿಸಿ, ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಬಿಡಿ. ಆಮೇಲೆ ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್‌ನಿಂದ ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ ಬಿಗಿಯಿರಿ. ನೈಲಾನ್ ಇರುವ ಲಾಕ್‌ನಟ್ ಆಗಿದ್ದರೆ ಹೊಸದನ್ನೇ ಹಾಕಿ.

ಅಲ್ಲಿಂದ ನಿಧಾನವಾಗಿ ಓಡಿಸಿಕೊಂಡು ಸೀದಾ ವೀಲ್ ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಕೋನ ಸರಿ ಮಾಡಿಸೋಕೆ, ಹೋಗಿ.