ಕಣಿವೆ ನಾಡಿನಲ್ಲಿ ವ್ಯಾನ್ ವಾಸ: ಡಾಂಬರು ಬಿಟ್ಟು ಇಳಿಯುವ ಮುಂಚೆ

ನಾವಿರುವುದು ಫೀನಿಕ್ಸ್‌ನಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಮೂರು ಸಲ ನೆಂಟರೋ ಗೆಳೆಯರೋ ಬಂದಿಳಿಯುತ್ತಾರೆ. ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಅರಿಜೋನಾ, ಯೂಟಾದ ಕೆಂಪು ಕಣಿವೆಗಳನ್ನು ಸುತ್ತಿ ಬರುವ ಹುಮ್ಮಸ್ಸು. ವಾಪಸ್ ಬಂದಾಗ ಎಲ್ಲರದ್ದೂ ಒಂದೇ ಕಥೆ: ಹಗಲು ಸೂಪರ್, ರಾತ್ರಿ ಫಜೀತಿ. ಎಡವುವ ಜಾಗವೂ ಒಂದೇ.

ಮೊದಲು ತಿಂಗಳು ಆರಿಸಿ. ಮೇ ಅಥವಾ ಅಕ್ಟೋಬರ್. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲಿಯೂ ಮುಂಗಾರು ಇದೆ. ಮರುಭೂಮಿ ಅಂತ ನಂಬಿ ಮೋಸ ಹೋಗಬೇಡಿ.

ಎರಡನೆಯದು ವ್ಯಾನ್. ಚಿಕ್ಕದೇ ಇರಲಿ. ಬಸ್ಸಿನಂಥ ಮೋಟರ್‌ಹೋಮ್ ಬೇಡವೇ ಬೇಡ. ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದ ರಸ್ತೆ ಸುರಂಗ ತೆರೆದದ್ದು 1930ರಲ್ಲಿ, ಆ ಕಾಲದ ಕಾರುಗಳ ಅಳತೆಗೆ. 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ಮೀರಿದರೆ ತಲೆನೋವು ಶುರು.

ಮೂರನೆಯದು ದಾರಿ. ಲಾಸ್ ವೇಗಸ್‌ನಿಂದ ಹೊರಟು ಝಯಾನ್, ಬ್ರೈಸ್, 12ನೇ ಹೆದ್ದಾರಿ ಹಿಡಿದು ಕ್ಯಾಪಿಟಲ್ ರೀಫ್, ಮೋಆಬ್, ಮಾನ್ಯುಮೆಂಟ್ ವ್ಯಾಲಿ, ಪೇಜ್, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು. ಹತ್ತು ದಿನ ಬೇಕು. ಏಳರಲ್ಲಿ ಮುಗಿಸುತ್ತೇವೆ ಅನ್ನುವವರು ಸುಮ್ನೆ ಟೂರ್ ಬಸ್ ಹತ್ತಲಿ. ಪೇಜ್ ಹತ್ತಿರದ ಆಂಟೆಲೋಪ್ ಕಣಿವೆ ನವಾಹೊ ಮೂಲನಿವಾಸಿಗಳ ನೆಲ, ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಬುಕಿಂಗ್ ಸಮಯ ಎರಡು ಸಲ ನೋಡಿಕೊಳ್ಳಿ. ಬೇಸಿಗೆಯಲ್ಲಿ ಯೂಟಾ ಗಡಿಯಾರ ಒಂದು ಗಂಟೆ ಮುಂದೆ, ಅರಿಜೋನಾ ಹಿಂದೆ. ಅರಿಜೋನಾದ ಒಳಗೇ ಇರುವ ನವಾಹೊ ನಾಡು ಮತ್ತೆ ಮುಂದೆ! ಫೋನ್ ಯಾವ ಟವರ್ ಹಿಡಿಯುತ್ತದೋ ಅದರ ಸಮಯ ತೋರಿಸುತ್ತದೆ. ಕೈಗಡಿಯಾರ ಕಟ್ಟಿಕೊಳ್ಳಿ.

ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರ್ ನೀರು. ಟ್ಯಾಂಕ್ ಅರ್ಧಕ್ಕೆ ಇಳಿದರೆ ಪೆಟ್ರೋಲ್. ಯೂಟಾದ 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಗ್ರೀನ್ ರಿವರ್ ಊರು ಬಿಟ್ಟರೆ ಸಲೈನಾ ಊರಿನವರೆಗೆ ಸುಮಾರು 170 ಕಿ.ಮೀ. ಒಂದೂ ಬಂಕ್ ಇಲ್ಲ. ಕುಕ್ಕರ್ ಮರೆಯಬೇಡಿ. ಬ್ರೈಸ್ ಅಂಚು 2,400 ಮೀಟರ್‌ಗಿಂತ ಮೇಲಿದೆ, ಅಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟ ತೊಗರಿಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ. ಒಲೆ ಮಾತ್ರ ವ್ಯಾನಿನ ಹೊರಗೇ ಹಚ್ಚಿ. ಒಗ್ಗರಣೆ ಘಾಟು ಹಾಸಿಗೆಗೆ ಹಿಡಿಯುವುದು ಹಾಗಿರಲಿ, ಬಾಗಿಲು ಮುಚ್ಚಿ ಅಡುಗೆ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಬರುತ್ತದೆ.

ಈಗ ಅಸಲಿ ವಿಷಯ. ರಾತ್ರಿ ಎಲ್ಲಿ ನಿಲ್ಲಿಸುವುದು?

ಪಾರ್ಕ್‌ಗಳ ಒಳಗೆ ಕ್ಯಾಂಪ್‌ಗ್ರೌಂಡ್ ಬಿಟ್ಟು ಬೇರೆಲ್ಲೂ ವ್ಯಾನಿನಲ್ಲಿ ಮಲಗುವಂತಿಲ್ಲ, ಅವು ತಿಂಗಳುಗಳ ಮುಂಚೆಯೇ ಭರ್ತಿ. ಹೊರಗೆ ಬಿಎಲ್‌ಎಂ (ಅಮೆರಿಕ ಸರ್ಕಾರದ ಭೂ ನಿರ್ವಹಣಾ ಇಲಾಖೆ) ಜಾಗ ಬೇಕಾದಷ್ಟಿದೆ. ಹೆಚ್ಚಿನ ಕಡೆ 14 ದಿನ ಪುಕ್ಕಟೆ. ತೊಂದರೆ ಏನೆಂದರೆ, ಅಲ್ಲಿಗೆ ಹೋಗುವುದು ಮಣ್ಣು ರಸ್ತೆ.

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ತಲುಪಿ. ಡಾಂಬರು ಮುಗಿಯುವಲ್ಲಿ ನಿಲ್ಲಿಸಿ, ಇಳಿದು ನಡೆಯಿರಿ. ಕ್ಯಾಂಪಿಂಗ್ ಆ್ಯಪ್‌ನಲ್ಲಿ ‘ರಸ್ತೆ ಚೆನ್ನಾಗಿದೆ’ ಅಂತ ಬರೆದವನ ಹತ್ತಿರ ಜೀಪ್ ಇತ್ತು, ನಿಮ್ಮ ಹತ್ತಿರ ಇಲ್ಲ. ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಬೂದು ಬಣ್ಣದ, ಒಡೆದ ಪಾಪ್‌ಕಾರ್ನ್‌ನಂತೆ ಉಬ್ಬಿದ ಮಣ್ಣಾದರೆ ಅದು ಬೆಂಟೊನೈಟ್ ಜೇಡಿ. ಗದಗ, ಧಾರವಾಡದ ಕಡೆಯವರಿಗೆ ಎರೆಹೊಲದ ಕೆಸರು ಗೊತ್ತಲ್ವಾ? ಅದರ ದಾಯಾದಿ ಇದು. ಒಣಗಿದಾಗ ಸಿಮೆಂಟ್, ಹತ್ತು ನಿಮಿಷ ಮಳೆ ಬಿದ್ದರೆ ಸೋಪು. ಮೋಡ ಕಂಡರೆ ಒಳಗೆ ಹೋಗಲೇಬೇಡಿ.

ನಾನು ಹೋಗಿದ್ದೆ. ಬ್ರೈಸ್ ದಕ್ಷಿಣಕ್ಕಿರುವ ಕಾಟನ್‌ವುಡ್ ಕ್ಯಾನ್ಯನ್ ರಸ್ತೆಯಲ್ಲಿ ಸಂಜೆ ಸಣ್ಣ ಮಳೆ. ಚಕ್ರಕ್ಕೆ ಕೆಸರು ಸುತ್ತಿಕೊಂಡು ತಿರುಗುವುದೇ ನಿಂತಿತು. ಆಕ್ಸಿಲರೇಟರ್ ತುಳಿದೆ, ಇನ್ನಷ್ಟು ಹೂತಿತು. ಟೋಯಿಂಗ್ ಖರ್ಚು ಪೂರ್ತಿ ನನ್ನ ಜೇಬಿನಿಂದ. ಬಾಡಿಗೆ ಕರಾರಿನ ಏಳನೇ ಪುಟದಲ್ಲಿ ಮಣ್ಣು ರಸ್ತೆ ನಿಷಿದ್ಧ ಅಂತ ಇತ್ತಂತೆ. ನೀವು ಸಹಿ ಹಾಕುವ ಮುಂಚೆ ಓದಿ. ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ ಟೀ ಕಾಯಿಸಿ. ಬಿಸಿಲು, ಗಾಳಿ ಬಂದರೆ ಆ ಮಣ್ಣು ತಾನಾಗಿಯೇ ಗಟ್ಟಿಯಾಗುತ್ತದೆ.

ಕೆಂಪು ಮರಳಿನ ಲೆಕ್ಕ ಬೇರೆ. ಟೈರಿನ ಗಾಳಿ ಕಾಲು ಭಾಗ ಇಳಿಸಿ, ನಿಲ್ಲಿಸದೆ ನಿಧಾನ ಸಾಗಿ. ಮತ್ತೆ ತುಂಬಲು ಪಂಪ್ ಇರಬೇಕು. ಚಕ್ರದ ಕೆಳಗೆ ಇಡುವ ಅಗ್ಗದ ಪ್ಲಾಸ್ಟಿಕ್ ಹಲಗೆ ಕೊಳ್ಳಬೇಡಿ, ನಮ್ಮದು ಮೊದಲ ಸಲವೇ ಲಟಕ್ ಅಂತು. ಒಂದು ಸಲಿಕೆ ಸಾಕು.

ಇನ್ನು ಜಾಗ. ಸಮತಟ್ಟಾದ ನುಣುಪು ಮರಳು, ಪಕ್ಕದಲ್ಲಿ ಮರದ ನೆರಳು ಕಂಡರೆ ಎಲ್ಲರೂ ಅಲ್ಲೇ ವ್ಯಾನ್ ನಿಲ್ಲಿಸುತ್ತಾರೆ. ಅದು ಒಣಗಿದ ಹಳ್ಳ! ಕೊಂಬೆಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡಿದೆಯಾ ನೋಡಿ. ಅಷ್ಟು ಎತ್ತರಕ್ಕೆ ನೀರು ಬಂದಿತ್ತು ಅಂತ ಅರ್ಥ. 1997ರ ಆಗಸ್ಟ್ 12ರಂದು ಆಂಟೆಲೋಪ್ ಕಣಿವೆಯಲ್ಲಿ ಪ್ರವಾಹಕ್ಕೆ 11 ಪ್ರವಾಸಿಗರು ಸತ್ತರು. ಜೋರು ಮಳೆ ಸುರಿದದ್ದು ಬಲು ದೂರದಲ್ಲಿ. ಹಾಗಾಗಿ ನಿಮ್ಮ ತಲೆ ಮೇಲಿನ ಆಕಾಶ ನೋಡಿದರೆ ಸಾಲದು. ಹಳ್ಳಕ್ಕಿಂತ ಎತ್ತರದಲ್ಲಿ, ಮುಂಚೆ ಬೇರೆ ವಾಹನ ನಿಂತ ಗುರುತಿರುವ ಕಡೆಯೇ ನಿಲ್ಲಿಸಿ. ಪಕ್ಕದ ಕಪ್ಪಗಿನ, ಉಬ್ಬುತಗ್ಗಿನ ಮಣ್ಣು ಜೀವ ಇರುವ ಪದರ. ಒಮ್ಮೆ ತುಳಿದರೆ ಮತ್ತೆ ಬೆಳೆಯಲು ದಶಕಗಳು ಬೇಕು.

ವ್ಯಾನಿನ ಮೂತಿ ಹೊರಹೋಗುವ ದಾರಿಯ ಕಡೆಗೇ ಇರಲಿ. ಒಳಗೆ ಒಂದು ಲೋಟ ನೀರಿಟ್ಟು ಮಟ್ಟ ನೋಡಿ. ತಲೆ ಕೆಳಗಾಗಿ ಮಲಗಿದರೆ ಬೆಳಿಗ್ಗೆ ಯಾವ ಕಣಿವೆಯೂ ಚೆಂದ ಕಾಣಲ್ಲ.

ಪಾತ್ರೆ ತೊಳೆದ ನೀರು ಡಂಪ್ ಸ್ಟೇಷನ್‌ಗೆ (ವ್ಯಾನಿನ ಕೊಳಚೆ ನೀರು ಸುರಿಯುವ ಜಾಗ), ಶೌಚದ ಚೀಲ ನಿಮ್ಮ ಜೊತೆಗೆ. ವ್ಯಾನ್ ಹಿಂದಿರುಗಿಸುವ ದಿನ ಎರಡು ಗಂಟೆ ಜಾಸ್ತಿ ಇಟ್ಟುಕೊಳ್ಳಿ, ಒಂದು ಪೊರಕೆಯೂ ಇರಲಿ. ಜಾರುಬಾಗಿಲ ಸಂದಿಯಲ್ಲಿ ಕೂತ ಕೆಂಪು ಧೂಳಿಗೆ ಅವರು ಹಾಕುವ ಕ್ಲೀನಿಂಗ್ ಚಾರ್ಜ್ ನೋಡಿದರೆ ನೀವೇ ಗುಡಿಸುತ್ತೀರಿ.