ಎಲ್ಲ ಕೆಲಸವೂ ಒಂದೇ ಹಂತದಲ್ಲಿ ಇರಬಾರದು

ನಾನು ಬರೆಯುತ್ತೇನೆ, ನಿರ್ದೇಶನವನ್ನೂ ಮಾಡುತ್ತೇನೆ. ತಿಂಗಳ ಸಂಬಳದ ಕೆಲಸವಲ್ಲ, ಫ್ರೀಲ್ಯಾನ್ಸ್. ಒಂದು ನಾಟಕ, ಒಂದು ಸಾಕ್ಷ್ಯಚಿತ್ರ, ಯಾರದೋ ತರಬೇತಿ ವಿಡಿಯೊಗೆ ಸ್ಕ್ರಿಪ್ಟ್, ಇದರ ಜೊತೆಗೆ ನನ್ನದೇ ಒಂದು ಕಿರುಚಿತ್ರ. ಯಾವಾಗ ನೋಡಿದರೂ ಹೀಗೆ ಮೂರ್ನಾಲ್ಕು ಕೆಲಸ ಒಟ್ಟಿಗೆ ನಡೆದಿರುತ್ತವೆ. ದಿನವನ್ನು ಗಂಟೆ ಲೆಕ್ಕದಲ್ಲಿ ಹಂಚಿಕೊಳ್ಳುತ್ತೀರಾ ಎಂದು ಹೊಸಬರು ಕೇಳುತ್ತಾರೆ. ಗಂಟೆ ಹಂಚಿಕೊಂಡು ನನಗೆ ಅಷ್ಟೇನೂ ಉಪಯೋಗವಾಗಿಲ್ಲ. ಯಾವ ಕೆಲಸ ಈಗ ಯಾವ ಹಂತದಲ್ಲಿದೆ ಎಂಬುದನ್ನೇ ನಾನು ಮೊದಲು ನೋಡುವುದು.

ಮೊದಲ ಡ್ರಾಫ್ಟ್ ಬರೆಯುವಾಗ ಬೇಕಾದ ಮನಸ್ಸೇ ಬೇರೆ. ಅಲ್ಲಿ ಸರಿ ತಪ್ಪು ನೋಡುತ್ತಾ ಕೂರಬಾರದು, ಪಾತ್ರಗಳನ್ನು ಮಾತಾಡಲು ಬಿಡಬೇಕು. ತಿದ್ದುವಾಗ ಅದೇ ಪಾತ್ರಗಳ ಮಾತನ್ನು ಮುಲಾಜಿಲ್ಲದೆ ಕತ್ತರಿಸಬೇಕು. ಶೂಟಿಂಗ್ ತಯಾರಿ ಎಂದರೆ ಫೋನು, ಪಟ್ಟಿ, ಕಲಾವಿದರ ಡೇಟ್ಸ್. ಶೂಟಿಂಗ್ ದಿನ ನಾವು ಬೇರೆ ಯಾವುದಕ್ಕೂ ಸಿಗುವುದಿಲ್ಲ. ಎಡಿಟಿಂಗ್‌ಗೆ ಕಣ್ಣು, ಕಿವಿ, ತಾಳ್ಮೆ ಬೇಕು.

ಹಾಗಾಗಿ ಎರಡು ಮೊದಲ ಡ್ರಾಫ್ಟ್‌ಗಳನ್ನು ಒಂದೇ ವಾರದಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ನಾಟಕದ ತಾಯಿಯೂ ಕಿರುಚಿತ್ರದ ತಾಯಿಯೂ ಒಂದೇ ದನಿಯಲ್ಲಿ ಮಾತಾಡತೊಡಗುತ್ತಾರೆ. ಒಂದು ಮೊದಲ ಡ್ರಾಫ್ಟ್, ಒಂದು ಎಡಿಟಿಂಗ್ ಆದರೆ ಚೆನ್ನಾಗಿ ಹೊಂದುತ್ತವೆ: ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನದ ಮೇಲೆ ಎಡಿಟಿಂಗ್. ರಿಹರ್ಸಲ್ ಸಂಜೆಗೆ ಇದ್ದರೆ ಬೆಳಗಿನ ಹೊತ್ತು ಹಳೆಯ ಸ್ಕ್ರಿಪ್ಟ್ ತಿದ್ದಬಹುದು. ಶೂಟಿಂಗ್ ಜೊತೆ ಮಾತ್ರ ಏನನ್ನೂ ಸೇರಿಸಬೇಡಿ. ರಾತ್ರಿ ರೂಮಿಗೆ ಬಂದು ಬರೆಯುತ್ತೇನೆ ಎಂದುಕೊಳ್ಳುವುದು ಸುಮ್ನೆ ಆಸೆ ಅಷ್ಟೇ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯೇ ನಿಜವಾದ ಕಷ್ಟ. ಇದು ಬರೆಯುವವರಿಗೆ ಮಾತ್ರ ಇರುವ ಸಮಸ್ಯೆ ಅಲ್ಲ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಜಾಸ್ತಿ ನೆನಪಿನಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇನ್ನೊಂದು ಸಂಗತಿ ತೋರಿಸಿದರು. ಮುಗಿಯದ ಕೆಲಸ ಬಿಟ್ಟು ಬೇರೆಯದಕ್ಕೆ ಕೈ ಹಾಕಿದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ. ಹೊಸ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ. 2018ರಲ್ಲಿ ಅವರೇ ಮತ್ತೊಬ್ಬ ಸಂಶೋಧಕಿಯ ಜೊತೆ ಸೇರಿ ಇದಕ್ಕೊಂದು ಸರಳ ಉಪಾಯ ಪರೀಕ್ಷಿಸಿದರು: ಏಳುವ ಮೊದಲು ಎಲ್ಲಿಗೆ ನಿಲ್ಲಿಸಿದೆ, ಮರಳಿ ಬಂದಾಗ ಏನು ಮಾಡಬೇಕು ಎಂದು ಬರೆದಿಡುವುದು.

ನಾನು ಈ ಅಭ್ಯಾಸವನ್ನು ಬಹಳ ಕಾಲದಿಂದ ಪಾಲಿಸುತ್ತಿದ್ದೇನೆ. ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಚೀಟಿ ಹೀಗಿರುತ್ತದೆ: ‘ಸೀನ್ 14. ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಪತ್ರದ ವಿಷಯ ಅವಳಿಗೆ ಗೊತ್ತು. ಅವಳಿಗೆ ಗೊತ್ತಿದೆ ಎಂಬುದು ತಮ್ಮನಿಗೆ ಗೊತ್ತಿಲ್ಲ. ಮುಂದಿನ ಮಾತು ಅವನದು. ಅವಳು ಕೂರಬೇಕೋ ಬೇಡವೋ, ಅನುಮಾನ.’ ‘ಸೀನ್ 14 ಮುಂದುವರಿಸು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾರಿಗೆ ಏನು ಗೊತ್ತು, ಮುಂದಿನ ಮಾತು ಯಾರದು, ನನ್ನ ಅನುಮಾನ ಏನು, ಈ ಮೂರೂ ಇರಬೇಕು. ಹತ್ತು ದಿನ ಬಿಟ್ಟು ಬಂದರೂ ಓದಿದ ಕೂಡಲೇ ಕೈ ಓಡುತ್ತದೆ. ಎಡಿಟಿಂಗ್‌ಗಾದರೆ ಟೈಮ್‌ಕೋಡ್ (ವಿಡಿಯೊದಲ್ಲಿ ಆ ಜಾಗದ ನಿಖರ ಸಮಯ) ಸಮೇತ ಬರೆಯುತ್ತೇನೆ: ಯಾವ ಕಟ್ ಖಚಿತ, ಯಾವುದು ತಾತ್ಕಾಲಿಕ, ಯಾವ ಜಾಗದಲ್ಲಿ ಉಸಿರು ಬೇಕು.

ಕೆಲಸಗಳ ನಡುವೆ ಓಡಾಡುವವರಿಗೆ ಶೂಟಿಂಗ್‌ಗೂ ಎಡಿಟಿಂಗ್‌ಗೂ ನಡುವೆ ದೊಡ್ಡ ಅಂತರ ಬೀಳುತ್ತದೆ. ಆದ್ದರಿಂದ ಪ್ರತಿ ಲೊಕೇಶನ್‌ನಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ 30 ಸೆಕೆಂಡ್ ರೂಮ್ ಟೋನ್ ರೆಕಾರ್ಡ್ ಮಾಡಿಸುತ್ತೇನೆ. ಬರಿಗಿವಿಗೆ ಮೌನ ಅನಿಸುವ ಜಾಗಕ್ಕೂ ತನ್ನದೇ ಆದ ಸದ್ದು ಇರುತ್ತದೆ. ಮಾತಿನ ನಡುವೆ ಕತ್ತರಿಸಿದಾಗ ಆ ಸದ್ದು ತುಂಬದಿದ್ದರೆ ಕಟ್ ಎದ್ದು ಕೇಳುತ್ತದೆ. ಯಾವ ಟೇಕ್ ಯಾಕೆ ಇಷ್ಟವಾಯಿತು ಎಂಬುದನ್ನೂ ಅದೇ ಸಂಜೆ ಬರೆಸುತ್ತೇನೆ. ಫೈಲುಗಳಿಗೆ ಎಲ್ಲರೂ ಹೇಳುವ 3-2-1 ನಿಯಮ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ.

ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವುದು ದಣಿವಷ್ಟೇ ಅಲ್ಲ, ಲಾಭವೂ ಹೌದು. ಈ ಬದುಕು ನನಗೆ ಇಷ್ಟವಾಗಿರುವುದೇ ಅದಕ್ಕೆ. ರಂಗದ ಮೇಲೆ ಪ್ರೇಕ್ಷಕ ಎಲ್ಲಿ ಬೇಕಾದರೂ ನೋಡಬಹುದು. ಬೆಳಕು, ಚಲನೆ, ನಿಂತ ಜಾಗ ಇವುಗಳಿಂದ ಅವನ ಕಣ್ಣನ್ನು ಕರೆದು ತರಬೇಕು. ಕ್ಯಾಮೆರಾದಲ್ಲಿ ಆ ಆಯ್ಕೆಯನ್ನು ಫ್ರೇಮೇ ಮಾಡಿಬಿಡುತ್ತದೆ. ಆಡಿಯೊ ನಾಟಕದಲ್ಲಿ ಮಾತಾಡದ ಪಾತ್ರ ಸ್ವಲ್ಪ ಹೊತ್ತಿಗೆ ಇಲ್ಲವೇ ಇಲ್ಲ ಅನ್ನಿಸಿಬಿಡುತ್ತದೆ. ಅವನ ಕೆಮ್ಮೋ ಕುರ್ಚಿಯ ಸದ್ದೋ ಕೇಳುತ್ತಿರಬೇಕು. ಆಡಿಯೊ ಬರೆದು ಬಂದ ಮೇಲೆ ಸಿನಿಮಾ ಸ್ಕ್ರಿಪ್ಟ್ ತಿದ್ದಿದರೆ ಕಣ್ಣಿಗೆ ಕಾಣುವುದನ್ನೇ ಬಾಯಲ್ಲಿ ಹೇಳುವ ಸಾಲುಗಳು ತಕ್ಷಣ ಸಿಕ್ಕಿಬೀಳುತ್ತವೆ. ನಾಟಕದ ರಿಹರ್ಸಲ್‌ನಿಂದ ಸೆಟ್‌ಗೆ ಹೋದರೆ ನಟರಿಗೆ ‘ಬೇಸರದಿಂದ ಹೇಳಿ’ ಎನ್ನುವುದಿಲ್ಲ. ‘ಅವನು ಹೋಗದ ಹಾಗೆ ತಡೆಯಿರಿ’ ಎನ್ನುತ್ತೇನೆ. ಮಾಡಲು ಒಂದು ಕೆಲಸ ಕೊಟ್ಟರೆ ಭಾವ ತಾನಾಗಿ ಬರುತ್ತದೆ. ಅದನ್ನು ರಂಗಭೂಮಿ ಕಲಿಸಿತು.

ಸಮಯದ ಅಂದಾಜಿನ ಬಗ್ಗೆ ಒಂದೆರಡು ಮಾತು. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎನ್ನುವುದು ಹಳೆಯ ಲೆಕ್ಕ. ಮಾತು ಮತ್ತು ಕ್ರಿಯೆ ಬೆರೆತ ಸೀನ್‌ಗಳಲ್ಲಿ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ‘ಜನ ನುಗ್ಗುತ್ತಾರೆ’ ಎಂಬ ಒಂದೇ ಸಾಲಿಗೆ ಇಡೀ ದಿನದ ಶೂಟಿಂಗ್ ಬೇಕಾಗಬಹುದು, ಅಲ್ವಾ? ಆ ಸಾಲನ್ನು ಬರೆಯುವವರೂ ಚಿತ್ರೀಕರಿಸುವವರೂ ಒಬ್ಬರೇ ಆದಾಗ ಪೆನ್ನು ತಾನಾಗಿಯೇ ಎಚ್ಚರವಾಗಿರುತ್ತದೆ. ವಿಡಿಯೊದ ಹಿನ್ನೆಲೆ ಮಾತಿಗೆ ನಿಮಿಷಕ್ಕೆ 150 ಪದ ಎಂಬ ಇಂಗ್ಲಿಷ್ ಲೆಕ್ಕ ಕನ್ನಡಕ್ಕೆ ಹಿಡಿಯುವುದಿಲ್ಲ. ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ. ಗಟ್ಟಿಯಾಗಿ ಓದಿ, ಸ್ಟಾಪ್‌ವಾಚ್ ಹಿಡಿದು ನೋಡುವುದೇ ಸರಿ.

ಕ್ಯಾಲೆಂಡರ್‌ನಲ್ಲಿ ಮೊದಲು ಕೂರುವುದು ನಾಟಕದ ದಿನಾಂಕ. ಟಿಕೆಟ್ ಕೊಟ್ಟ ಮೇಲೆ ಆ ಸಂಜೆ ಪರದೆ ಏಳಲೇಬೇಕು. ಅದರ ಹಿಂದಿನ ವಾರ ಬೆಳಕು, ಧ್ವನಿಯ ಟೆಕ್ನಿಕಲ್ ರಿಹರ್ಸಲ್‌ಗೆ ಮೀಸಲು. ಆಮೇಲೆ ಶೂಟಿಂಗ್ ದಿನಗಳು. ಉಳಿದ ಜಾಗದಲ್ಲಿ ಬರವಣಿಗೆ. ಕ್ಲೈಂಟ್ ಅಭಿಪ್ರಾಯಕ್ಕೆ ಕಾಯುವ ದಿನಗಳನ್ನೂ ಗುರುತಿಸಿಕೊಳ್ಳುತ್ತೇನೆ. ಕಾಯುವ ದಿನಗಳಲ್ಲಿ ಇನ್ನೊಂದು ಕೆಲಸ ಒಂದು ಹಂತ ಮುಂದೆ ಹೋಗುತ್ತದೆ.

ಒಪ್ಪಂದದಲ್ಲಿ ಎರಡು ವಿಷಯಕ್ಕೆ ಪಟ್ಟು ಹಿಡಿಯುತ್ತೇನೆ: ಎಷ್ಟು ಸಲ ತಿದ್ದಿಕೊಡಬೇಕು, ಕೊನೆಯ ಒಪ್ಪಿಗೆ ಕೊಡುವ ಒಬ್ಬ ವ್ಯಕ್ತಿ ಯಾರು. ಐದು ಜನ ಐದು ಕಡೆಯಿಂದ ತಿದ್ದುಪಡಿ ಕಳಿಸಿದರೆ ಆ ಒಂದು ಕೆಲಸ ಉಳಿದೆಲ್ಲದರ ದಿನಗಳನ್ನು ತಿಂದುಹಾಕುತ್ತದೆ. ಅಡ್ವಾನ್ಸ್ ಬೇಕು, ಮಧ್ಯದಲ್ಲಿ ಕೆಲಸ ನಿಂತರೆ ಅಲ್ಲಿಯವರೆಗಿನ ದುಡ್ಡಿನ ಮಾತೂ ಬರಹದಲ್ಲಿ ಇರಬೇಕು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಬರೆದಾಗಲೇ ಹಕ್ಕು ಹುಟ್ಟುತ್ತದೆ. ಆದರೆ ಬರಿಯ ಐಡಿಯಾಗೆ ರಕ್ಷಣೆ ಇಲ್ಲ. ಸಹಿ ಹಾಕುವಾಗ ಯಾವ ಹಕ್ಕು ಬಿಟ್ಟುಕೊಡುತ್ತಿದ್ದೇವೆ ಎಂದು ಓದಲೇಬೇಕು. ಬಳಕೆಯಾಗದ ಡ್ರಾಫ್ಟ್ ಯಾರದು ಎಂಬುದನ್ನಂತೂ ನಾನು ಕೇಳಿಯೇ ಕೇಳುತ್ತೇನೆ.

ನನ್ನ ಸ್ವಂತ ಕಿರುಚಿತ್ರಕ್ಕೂ ಇದೇ ಪಟ್ಟಿಯಲ್ಲಿ ಜಾಗ. ಅದಕ್ಕೆ ಯಾರೂ ಕಾಯುತ್ತಿರುವುದಿಲ್ಲ, ಹಾಗಾಗಿ ಅದೇ ಮೊದಲು ಹಿಂದೆ ಬೀಳುವುದು. ಅದು ಮೊದಲ ಡ್ರಾಫ್ಟ್ ಹಂತದಲ್ಲಿದ್ದರೆ ಬೆಳಗಿನ ಹೊತ್ತು ಅದಕ್ಕೇ. ದುಡ್ಡು ಕೊಡುವ ಕೆಲಸ ಮಧ್ಯಾಹ್ನಕ್ಕೆ. ಕ್ಲೈಂಟ್ ಕೆಲಸದ ಗುಣಮಟ್ಟ ಇದರಿಂದ ಕಡಿಮೆಯಾಗುವುದಿಲ್ಲ. ಬೆಳಿಗ್ಗೆ ನನ್ನದನ್ನು ಬರೆದ ಉತ್ಸಾಹವೇ ಮಧ್ಯಾಹ್ನಕ್ಕೂ ಸಿಗುತ್ತದೆ.

ಹೊಸ ಕೆಲಸ ಬಂದಾಗ ‘ಸಮಯ ಇದೆಯಾ’ ಎಂದು ನನ್ನನ್ನೇ ಕೇಳಿಕೊಳ್ಳುವುದಿಲ್ಲ. ಮುಂದಿನ ತಿಂಗಳು ಇದು ಯಾವ ಹಂತದಲ್ಲಿರುತ್ತದೆ, ಆಗ ಉಳಿದವು ಎಲ್ಲಿರುತ್ತವೆ ಎಂದು ನೋಡುತ್ತೇನೆ. ಎರಡು ಶೂಟಿಂಗ್ ಅಥವಾ ಎರಡು ಮೊದಲ ಡ್ರಾಫ್ಟ್ ಎದುರಾದರೆ ದಿನಾಂಕ ಹೇಳಿಯೇ ಮಾತಾಡುತ್ತೇನೆ: ಈಗ ಆಗಲ್ಲ, ಸಾಕ್ಷ್ಯಚಿತ್ರದ ರಫ್ ಕಟ್ (ಎಡಿಟಿಂಗ್‌ನ ಮೊದಲ ಒರಟು ರೂಪ) ಮುಗಿದ ಮೇಲೆ ಶುರು ಮಾಡಬಹುದು. ಕಾರಣ ಸ್ಪಷ್ಟವಾಗಿದ್ದರೆ ಸಾಕಷ್ಟು ಜನ ಕಾಯುತ್ತಾರೆ. ಕಾಯಲಾಗದವರಿಗೆ ಆ ಕೆಲಸ ಮಾಡಬಲ್ಲ ಇನ್ನೊಬ್ಬರ ಹೆಸರು ಕೊಡುತ್ತೇನೆ.