ಮಿನಿಟ್ಸ್ ಪುಸ್ತಕವಿಲ್ಲದೆ ಬೌಲ್ಸ್ ಕ್ಲಬ್ಬಿನ ಚರಿತ್ರೆ ಬರೆದದ್ದು

ಇಂಗ್ಲೆಂಡಿನ ವಾರ್ವಿಕ್‌ಶೈರ್ ಕೌಂಟಿಯ ನಮ್ಮ ಹಳ್ಳಿಯ ಲಾನ್ ಬೌಲ್ಸ್ (ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ) ಕ್ಲಬ್ಬಿನಲ್ಲಿ ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಮಿನಿಟ್ಸ್ ಪುಸ್ತಕ ಒಂದೂ ಉಳಿದಿಲ್ಲ. ಅದಿಲ್ಲದೆ ಚರಿತ್ರೆ ಬರೆಯೋದು ಆಗದ ಮಾತು ಅಂತ ಸಮಿತಿಯವರು ಕೈಚೆಲ್ಲಿ ಕೂತಿದ್ದರು. ಈಗ 48 ಪುಟದ ಪುಸ್ತಿಕೆ ಅಚ್ಚಾಗಿದೆ, ಅನುಮಾನಪಟ್ಟವರೇ ಮೂರು ನಾಲ್ಕು ಪ್ರತಿ ಕೊಂಡಿದ್ದಾರೆ. ಊರ ಕಡೆ ಸಂಘಗಳ ಸ್ಮರಣ ಸಂಚಿಕೆ ಮಾಡಿ ಪಳಗಿದವರಿಗೆ ಕೆಲಸ ಗೊತ್ತಿದ್ದದ್ದೇ, ಇಲ್ಲಿ ಹುಡುಕುವ ಜಾಗಗಳು ಮಾತ್ರ ಬೇರೆ.

ನಕ್ಷೆಯಿಂದ ಶುರು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ಹಾಳೆಗಳು, ಇಂಗ್ಲೆಂಡಿನವೂ ಸೇರಿ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ. ಒಂದು ಆವೃತ್ತಿಯಲ್ಲಿ ಪಬ್ಬಿನ ಹಿಂದೆ ಬರೀ ತೋಟ, ಮುಂದಿನದರಲ್ಲಿ ಬೌಲಿಂಗ್ ಗ್ರೀನ್, ಅಂದರೆ ಆಟದ ಹುಲ್ಲಿನ ಅಂಕಣ. ಹುಡುಕಾಟ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಇಳಿಯಿತು. ಲೆಕ್ಕಕ್ಕೆ ಬರುವುದು ಸರ್ವೆಯ ಇಸವಿ, ಪ್ರಕಟಣೆಯದಲ್ಲ. ಎರಡೂ ಹಾಳೆಯ ಅಂಚಿನಲ್ಲಿರುತ್ತವೆ. ಹುಲ್ಲು ಇದ್ದ ಮಾತ್ರಕ್ಕೆ ಕ್ಲಬ್ ಇತ್ತು ಅಂತಲೂ ಅಲ್ಲ, ಪಬ್ಬಿನವನು ಗಿರಾಕಿಗಳಿಗೆ ಹಾಕಿಸಿದ ಗ್ರೀನೂ ನಕ್ಷೆಯಲ್ಲಿ ಹಾಗೇ ಕಾಣುತ್ತದೆ. ಹದಿನಾರನೇ ಶತಮಾನದ ನಾವಿಕ ಡ್ರೇಕನ ಕಾಲದಿಂದಲೂ ಇಲ್ಲಿ ಆಟ ನಡೆದಿದೆ ಎಂಬ ಮಾತು ಪ್ರತಿ ಹಳ್ಳಿಯಲ್ಲೂ ಸಿಗುತ್ತದೆ. ದುಡಿಯುವ ಜನ ಕ್ರಿಸ್‌ಮಸ್ ಬಿಟ್ಟರೆ ಬೌಲ್ಸ್ ಆಡಕೂಡದು ಎಂಬ 1541ರ ಕಾಯ್ದೆ ರದ್ದಾದದ್ದೇ 1845ರಲ್ಲಿ. ಹಾಗಾಗಿ ಡ್ರೇಕನ ಅಧ್ಯಾಯ ಕೈಬಿಟ್ಟೆವು.

ಆ ಜಾಗದ ಒಡೆಯ ಯಾರು, ಬಾಡಿಗೆಗಿದ್ದವರು ಯಾರು ಎಂಬುದಕ್ಕೆ 1910ರ ಕಾಯ್ದೆಯಡಿ ನಡೆದ ಜಮೀನು ಮೌಲ್ಯಮಾಪನದ ಪುಸ್ತಕಗಳು ಒಳ್ಳೆಯವು. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ಐಆರ್ 58 ಸರಣಿ. ಮೊದಲು ಅದೇ ಸಮೀಕ್ಷೆಯ ನಕ್ಷೆಯಲ್ಲಿ ಆಸ್ತಿಯ ಸಂಖ್ಯೆ ಹಿಡಿಯಬೇಕು, ಇಲ್ಲದಿದ್ದರೆ ಯಾವ ಪುಸ್ತಕ ತರಿಸಬೇಕೆಂದೇ ತಿಳಿಯುವುದಿಲ್ಲ. ಆಸ್ತಿ ನೋಂದಣಿಯ ಲ್ಯಾಂಡ್ ರಿಜಿಸ್ಟ್ರಿಗೆ ಕಟ್ಟಿದ 7 ಪೌಂಡ್ ಮಾತ್ರ ದಂಡ: ಈಗಿನ ಒಡೆತನ ಸಿಕ್ಕಿತು, ಹಳೆಯ ಕ್ರಯಪತ್ರದ ಸುಳಿವಿಲ್ಲ.

ನಿಜವಾದ ಬೆಳೆ ಬಂದದ್ದು ಪತ್ರಿಕೆಗಳಿಂದ. ಹಳೆಯ ಪತ್ರಿಕೆಗಳ ಆನ್‌ಲೈನ್ ಸಂಗ್ರಹವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ಗೆ ಚಂದಾ ಕಟ್ಟುವ ಮೊದಲು ಕೌಂಟಿ ಗ್ರಂಥಾಲಯದಲ್ಲಿ ವಿಚಾರಿಸಿ, ಎಷ್ಟೋ ಕಡೆ ಅಲ್ಲೇ ಕೂತು ಓದಬಹುದು. ಬರೀ ‘ಬೌಲ್ಸ್’ ಎಂದು ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ, ಯಂತ್ರ ಹಳೆಯ ಅಚ್ಚಿನ ‘ಬಿ’ಯನ್ನು ‘ಹೆಚ್’ ಎಂದು ಓದಿ ‘ಹೌಲ್ಸ್’ ಮಾಡಿಟ್ಟಿರುತ್ತದೆ. ಅದನ್ನೂ ಹುಡುಕಬೇಕು. ಇನ್ನೊಂದು, ನಮ್ಮವರು ಪರಊರಲ್ಲಿ ಆಡಿದ ಪಂದ್ಯದ ವರದಿ ಆ ಊರಿನ ಪತ್ರಿಕೆಯಲ್ಲಿರುತ್ತದೆ, ನಮ್ಮ ಪತ್ರಿಕೆಯಲ್ಲಿ ಅಲ್ಲ. ಒಂದೊಂದು ರಿಂಕಿಗೆ, ಅಂದರೆ ತಂಡಕ್ಕೆ, ನಾಲ್ಕು ಹೆಸರು, ಕೊನೆಯದು ಸ್ಕಿಪ್ ಅಂದರೆ ನಾಯಕ. ಸ್ಕಿಪ್‌ಗಳ ಹೆಸರು ಹಿಡಿದು ಹಿಂದಕ್ಕೆ ಹೋದರೆ ಕ್ಲಬ್ಬಿನ ಮೊದಲ ತಂಡದ ಹತ್ತಿರಕ್ಕೆ ಬರುತ್ತೀರಿ. ಬ್ಯಾಡ್ಜಿನ ಮೇಲಿದ್ದ ಸ್ಥಾಪನೆಯ ವರ್ಷ ಹೀಗೇ ಬಿದ್ದುಹೋಯಿತು. ಅದು ಪೆವಿಲಿಯನ್ ಕಟ್ಟಿದ ವರ್ಷ, ಕ್ಲಬ್ ಅದಕ್ಕೂ ಹಳೆಯದು!

ಗೋಡೆಯ ಮರದ ಹಲಗೆಯಲ್ಲಿ ಚಾಂಪಿಯನ್ನರ ಹೆಸರು ಚಿನ್ನದ ಅಕ್ಷರದಲ್ಲಿರುತ್ತವಲ್ಲ, ನಮ್ಮದರಲ್ಲಿ ಮೇಲಿನ ಸಾಲುಗಳು ಸವೆದು ಬರೀ ಕಂದು ವಾರ್ನಿಷ್. ದೀಪ ಆರಿಸಿ, ಪರದೆ ಎಳೆದು, ಟಾರ್ಚನ್ನು ಹಲಗೆಗೆ ಹೆಚ್ಚುಕಡಿಮೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ, ಕ್ಯಾಮೆರಾ ನೇರ ಎದುರಿಗಿರಲಿ. ಚಿನ್ನ ಹೋದರೂ ಬಣ್ಣದ ಉಬ್ಬು ಉಳಿದಿರುತ್ತದೆ, ಅಕ್ಷರದ ಒಂದು ಅಂಚು ನೆರಳು ಕೊಡುತ್ತದೆ. ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ಬೇಕು. ಅವನ್ನು ಹೇಗೆ ಒಂದುಗೂಡಿಸಿದೆವು ಎಂಬುದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ, ಪಕ್ಕದ ಎರಡು ಕ್ಲಬ್‌ನವರು ಆಗಲೇ ಕೇಳಿದ್ದಾರೆ.

ಕಪಾಟಿನ ಹಳೆಯ ಬೌಲ್‌ಗಳಿಂದ ಇಸವಿ ಹಿಡಿಯುವವರು ಹುಷಾರು. ಪರೀಕ್ಷಾ ಮುದ್ರೆಯಲ್ಲಿರುವುದು ಖಾತರಿ ಮುಗಿಯುವ ವರ್ಷ, ಬೌಲ್ ತಯಾರಾದ ವರ್ಷ ಅಲ್ಲ. ಲಿಗ್ನಮ್ ವೈಟೆ ಮರದವುಗಳಲ್ಲಿ ಪಕ್ಕದ ಬಿಲ್ಲೆಯ ಮೇಲೆ ಕೆತ್ತಿದ ಇನಿಷಿಯಲ್ಸ್ ಹೆಚ್ಚು ಉಪಯೋಗ, ಪಂದ್ಯದ ಪಟ್ಟಿಗೆ ಹೋಲಿಸಿ ನೋಡಬಹುದು.

ಹೆಂಗಸರ ಹೆಸರು ಹುಡುಕುವುದೇ ದೊಡ್ಡ ತಲೆನೋವು. ವರದಿಯಲ್ಲಿ ‘ಮಿಸೆಸ್’ ಜೊತೆಗೆ ಗಂಡನ ಇನಿಷಿಯಲ್ಸ್, ಅಷ್ಟೇ. 29 ಸೆಪ್ಟೆಂಬರ್ 1939ರಂದು ದೇಶವಿಡೀ ಮಾಡಿದ ರಿಜಿಸ್ಟರಿನಲ್ಲಿ ಮನೆಮನೆಯವರ ಹೆಸರು, ಹುಟ್ಟಿದ ದಿನ ಸಿಗುತ್ತವೆ, ಹಾಗಾಗಿ ಅವರ ಸ್ವಂತ ಹೆಸರುಗಳನ್ನೇ ಅಚ್ಚು ಹಾಕಿದೆವು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಗ್ರೀನ್ ನೋಡಿಕೊಳ್ಳುವವರನ್ನು ಒಪ್ಪಿಸಿ, ಡಿಚ್ಚಿನ (ಗ್ರೀನಿನ ಸುತ್ತಲಿನ ಕಾಲುವೆ) ಅಂಚಿನಲ್ಲಿ ಟೊಳ್ಳು ಕೊಳವೆಯಿಂದ ಮಣ್ಣು ತೆಗೆದೆವು. ಸುಮಾರು ಒಂದು ಗೇಣಿನ ಕೆಳಗೆ ನೀರು ಇಳಿಯಲೆಂದು ಹಾಕಿದ ಕಲ್ಲಿದ್ದಲ ಬೂದಿಯ ಹೆಂಟೆ, ಅದರ ಮೇಲೆಲ್ಲೋ ಒಂದು ತೆಳು ಬೂದು ಗೆರೆ. ಕಂಬರ್ಲ್ಯಾಂಡಿನ ಕಡಲತೀರದಿಂದ ತರಿಸಿದ ಹುಲ್ಲುಹಾಸಿನ ಜೊತೆ ಬಂದ ಹೂಳು ಅದು ಅನ್ನುತ್ತಾರೆ ಅವರು. ಇಸವಿ ಮಾತ್ರ ಹೇಳಲಿಲ್ಲ, ಅದಕ್ಕೆ ಹುಲ್ಲುಹಾಸು ಕೊಂಡ ಬಿಲ್ಲೇ (ರಸೀದಿ) ಬೇಕು. ಬಿಲ್ಲಿಗಾಗಿ ಶೆಡ್ಡು ಜಾಲಾಡುವವರು ಹಳೆಯ ಡಬ್ಬಿ ತೆರೆಯಬೇಡಿ, ಎರೆಹುಳ ಕೊಲ್ಲಲು ಸೀಸದ ಆರ್ಸೆನೇಟ್, ಶಿಲೀಂಧ್ರಕ್ಕೆ ಪಾದರಸದ ಪುಡಿ ಬಳಸುತ್ತಿದ್ದ ಕಾಲ ಅದು. ಕೌನ್ಸಿಲಿಗೆ ಫೋನ್ ಮಾಡಿ.

ದುಡ್ಡಿನ ವಿಷಯ. ಮೊದಲ ಅಚ್ಚು 40 ಪುಟ, ಬೆನ್ನಿಗೆ ಅಂಟು ಹಾಕಿಸಿದ್ದು. ಅಷ್ಟು ತೆಳು ಬೆನ್ನಿನಲ್ಲಿ ಅಂಟು ನಿಲ್ಲದೆ ಹಾಳೆ ಉದುರಿದವು, ನೂರೈವತ್ತು ಪೌಂಡಿನಷ್ಟು ನೀರಿಗೆ ಹೋಯಿತು. ಎರಡನೆಯದಕ್ಕೆ ಪಿನ್ನು ಹೊಡೆಸಿದೆವು, ಆಗ ಪುಟ ನಾಲ್ಕರ ಗುಣಕದಲ್ಲಿರಲೇಬೇಕು. 150 ಪ್ರತಿಗೆ ನಾನೂರು ಚಿಲ್ಲರೆ, ಬೆಲೆ 5 ಪೌಂಡ್. ಮೊಬೈಲಿನಲ್ಲಿ ಹರಿದಾಡಿದ ಫೋಟೋಗಳು ಅಚ್ಚಿನಲ್ಲಿ ಮಂಕಾಗುತ್ತವೆ, ಮೂಲ ಪ್ರತಿ ಇಸಿದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. 2022ರಲ್ಲಿ ನಮ್ಮ ಕೌಂಟಿಯ ಲೆಮಿಂಗ್ಟನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಭಾರತದ ಹೆಂಗಸರ ನಾಲ್ವರ (ಫೋರ್ಸ್) ತಂಡ ಕಾಮನ್‌ವೆಲ್ತ್ ಚಿನ್ನ ಗೆದ್ದದ್ದನ್ನು ಒಂದು ಪುಟ ಹಾಕಿದ್ದರಿಂದ ಸುತ್ತಲಿನ ನಮ್ಮ ದೇಶದವರೂ ಕೊಂಡರು. ಹಾಕಿದ ದುಡ್ಡು ಬಂದಿದೆ, ಅಂಟಿನ ನಷ್ಟ ಇನ್ನೂ ಅರ್ಧ ಬಾಕಿ.